ತಪ್ಪುತ್ತರಗಳ ವಹಿ

ಮೂವತ್ತಾರು ವರ್ಷ ನಾನು ಮಕ್ಕಳ ತಪ್ಪು ಉತ್ತರಗಳನ್ನು ಬರೆದಿಟ್ಟುಕೊಂಡೆ. ಸರಿ ಉತ್ತರ ಗೈಡಿನಲ್ಲೂ ಸಿಗುತ್ತದೆ. ತಪ್ಪು ಉತ್ತರದ ಕಾರಣವನ್ನು ಮಾತ್ರ ಮಗುವಿನ ಬಾಯಿಂದಲೇ ಕೇಳಬೇಕು. ನಮ್ಮ ಕಡೆ ನೋಟ್‌ಬುಕ್ಕಿಗೆ ವಹಿ ಎನ್ನುತ್ತೇವೆ. ಅಂಥ ಒಂಬತ್ತು ವಹಿ ನನ್ನ ಕಪಾಟಿನಲ್ಲಿದ್ದವು, ಕಂದು ಕಾಗದದ ಕವರ್ ಹಾಕಿಕೊಂಡು, ನೀಟಾಗಿ. ಕವರ್ ಹಾಕುವುದು ಕಾನ್ವೆಂಟಿನ ಚಟ. ಬೆಳಗಾವಿಯ ಹಾಸ್ಟೆಲ್ಲಿನಲ್ಲಿ ಸಿಸ್ಟರುಗಳು ಕವರಿನ ಮೂಲೆ ಹೇಗೆ ಮಡಿಸಿದ್ದೇವೆ ಎಂಬುದಕ್ಕೂ ಮಾರ್ಕ್ಸ್ ಕೊಡುತ್ತಿದ್ದರು.

ಮೊದಲ ವಹಿಯ ಮೊದಲ ಪುಟದಲ್ಲಿರುವ ತಪ್ಪು ನನ್ನದೇ. ಥರ್ಡ್ ಸ್ಟ್ಯಾಂಡರ್ಡಿನ ಸೈನ್ಸ್ ಟೆಸ್ಟಿನಲ್ಲಿ “ನಾವು ತಿನ್ನುವ ಯಾವುದಾದರೂ ಮೂರು ಬೇರುಗಳ ಹೆಸರು ಬರೆಯಿರಿ” ಎಂದು ಇಂಗ್ಲಿಷಿನಲ್ಲಿ ಕೇಳಿದ್ದರು. ನಾನು ದುಂಡಗೆ ಬರೆದೆ: “ವಿ ಡು ನಾಟ್ ಈಟ್ ರೂಟ್ಸ್.” ನಮ್ಮದು ನಿಪ್ಪಾಣಿ ಕಡೆಯ ಜೈನರ ಮನೆ. ಗಜ್ಜರಿ, ಮೂಲಂಗಿ, ಬಟಾಟಿ ಯಾವುದೂ ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ. ಸಿಸ್ಟರ್ ಕೆಂಪು ಮಸಿಯಲ್ಲಿ ಸೊನ್ನೆ ಹಾಕಿ, ಪಕ್ಕದಲ್ಲಿ “ಡೋಂಟ್ ಬಿ ಕ್ಲೆವರ್” ಎಂದು ಬರೆದರು. ನಾನು ಕ್ಲೆವರ್ ಆಗಲು ಹೋಗಿರಲಿಲ್ಲ, ನಮ್ಮ ಮನೆಯ ಅಡಿಗೆಯನ್ನು ಬರೆದಿದ್ದೆ. ಆ ಸೊನ್ನೆಯನ್ನು ನಾನು ಮುಂದೆ ಟೀಚರ್ ಆದ ಮೇಲೂ ಮರೆಯಲಿಲ್ಲ.

ಅದಕ್ಕೇ ಒಂದು ಪದ್ಧತಿ ಮಾಡಿಕೊಂಡೆ. ಶನಿವಾರ ನಮ್ಮದು ಮುಂಜಾನೆ ಸಾಲಿ. ಬೆಲ್ ಆದ ಮೇಲೆ, ಆ ವಾರ ಎಲ್ಲಕ್ಕಿಂತ ವಿಚಿತ್ರ ತಪ್ಪು ಮಾಡಿದ ಒಂದು ಮಗುವನ್ನು ನನ್ನ ಟೇಬಲ್ ಹತ್ತಿರ ಕೂಡಿಸಿಕೊಳ್ಳುತ್ತಿದ್ದೆ. “ಹಿಂಗ್ಯಾಕ ಅನಿಸ್ತು ನಿನಗ?” ಎಂದು ಕೇಳುವುದು. ಕನ್ನಡದಲ್ಲಿ ಹೇಳಲಿ, ಮರಾಠಿಯಲ್ಲಿ ಹೇಳಲಿ, ಕಾರಣ ಹೊರಗೆ ಬರುವ ತನಕ ‘ತಪ್ಪು’ ಎಂಬ ಶಬ್ದ ನನ್ನ ಬಾಯಿಂದ ಬರಬಾರದು. ಕೇಳಿದ್ದನ್ನು ಮಗುವಿನ ಎದುರಿಗೇ ಬರೆದುಕೊಳ್ಳುತ್ತಿದ್ದೆ. ಹೆಸರು ಬರೆಯುತ್ತಿರಲಿಲ್ಲ. ಆಮೇಲೆ ವಹಿ ಮುಚ್ಚಿ, ಪ್ರತಿ ಮಗುವಿಗೂ ಒಂದೇ ಮಾತು ಹೇಳುತ್ತಿದ್ದೆ: “ಇದು ನಿಂದು, ನಂದು. ಈ ವಹಿ ನನ್ನ ಟೇಬಲ್ ದಾಟಿ ಹೋಗೂದಿಲ್ಲ.”

ನಮ್ಮ ಸಂಸ್ಥೆಗೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಒಂದೊಂದು ಸಾಲಿ. ನನ್ನನ್ನು ಐದೂ ಕಡೆ ತಿರುಗಿಸಿದರು. ನಿಪ್ಪಾಣಿಯಲ್ಲಿ “ಎಲೆಯ ಬಣ್ಣ ಯಾವುದು?” ಎಂದು ಕೇಳಿದರೆ ಒಂದು ಮಗು “ಕಂದು” ಎಂದು ಬರೆಯಿತು. ಅದರ ಮನೆಯಲ್ಲಿ ಎಲೆ ಎಂದರೆ ತಂಬಾಕು. ಜುಗೂಳದಿಂದ ಬರುತ್ತಿದ್ದ ಒಂದು ಹುಡುಗಿ “ಹೊಳೆಯ ಆಚೆ ಯಾವ ರಾಜ್ಯವಿದೆ?” ಎಂಬುದಕ್ಕೆ “ನಮ್ಮ ಸ್ವಾದರತ್ತಿ ಮನಿ” ಎಂದು ಬರೆದಿದ್ದಳು. ಮಹಾರಾಷ್ಟ್ರ ಎಂದು ಹೇಳಿಕೊಟ್ಟೆ. “ಹೌದ್ರಿ, ಅದೂ ಅಲ್ಲೇ ಐತ್ರಿ” ಎಂದಳು.

ಇನ್ನೊಂದು ತಪ್ಪು ನನ್ನ ಮೊದಲ ಪೋಸ್ಟಿಂಗಿನದು, ಕಾಗವಾಡ ಕಡೆಯದು. ಐವತ್ತು ವರ್ಷ ಆಗಿಹೋಯಿತು. ನಾಲ್ಕನೇ ಇಯತ್ತೆಗೆ ಒಂದು ಲೆಕ್ಕ ಕೊಟ್ಟಿದ್ದೆ. ಮನೆಯಲ್ಲಿ ಆರು ಜನ, ಒಬ್ಬರು ಪರ ಊರಿಗೆ ಹೋದರು, ಒಬ್ಬೊಬ್ಬರಿಗೆ ಎರಡು ರೊಟ್ಟಿಯಾದರೆ ಎಷ್ಟು ರೊಟ್ಟಿ ಬಡಿಯಬೇಕು? ಹತ್ತು. ಒಬ್ಬಳು ಮಾತ್ರ ಹನ್ನೆರಡು ಎಂದು ಬರೆದಳು. ಲೆಕ್ಕದಲ್ಲಿ ಬಹಳ ಚುರುಕು ಹುಡುಗಿ. ಶನಿವಾರ ಕೂಡಿಸಿಕೊಂಡು ಕೇಳಿದೆ. ಎಷ್ಟೋ ಹೊತ್ತು ಪಾಟಿಯ ಅಂಚು ಉಜ್ಜುತ್ತ ಕೂತಳು. ಆಮೇಲೆ ಹೇಳಿದಳು. ಅವಳ ಮನೆಯಲ್ಲೂ ಆರೇ ಜನ, ಅವಳ ಅವ್ವ ಮನೆ ಬಿಟ್ಟು ಹೊಳೆಯಾಚೆಗೆ ಹೋಗಿ ಎರಡು ತಿಂಗಳಾಗಿತ್ತು. ಊರಿಗೆ ಗೊತ್ತಾಗಬಾರದು. ಗೋಡೆಗೆ ಗೋಡೆ ಹತ್ತಿದ ಮನೆಗಳು. ರೊಟ್ಟಿ ಬಡಿಯುವ ಸದ್ದನ್ನು ಪಕ್ಕದ ಮನೆಯವರು ಎಣಿಸುತ್ತಾರೆ. ಅದಕ್ಕೆ ಅಜ್ಜಿ ದಿನಾ ಎರಡು ಹೆಚ್ಚು ಬಡಿದು, ಆಕಳಿಗೆ ಹಾಕುತ್ತಿದ್ದಳು.

“ಹನ್ನೆರಡs ಬೇಕ್ರಿ ಬಾಯಾರ,” ಎಂದಿದ್ದಳು ಆ ಒಂಬತ್ತು ವರ್ಷದ ಹುಡುಗಿ. ಆ ಕಡೆ ಆಗ ಟೀಚರನ್ನು ಬಾಯಾರ ಎನ್ನುತ್ತಿದ್ದರು. “ಹತ್ತು ಬಡದ್ರ ಮಂದೀಗೆ ತಿಳೀತೈತಿ.”

ಆ ದಿನ ವಹಿ ಮುಚ್ಚುವಾಗ ನಾನು ಮಾತನ್ನು ಎರಡು ಸಲ ಹೇಳಿದ್ದೆ. ಟೇಬಲ್ ದಾಟಿ ಹೋಗೂದಿಲ್ಲ, ಟೇಬಲ್ ದಾಟಿ ಹೋಗೂದಿಲ್ಲ.

*

ಕಳೆದ ವರ್ಷ ಜೂನಿನಲ್ಲಿ, ರವಿವಾರ, ನಮ್ಮ ಚಿಕ್ಕೋಡಿ ಸಾಲಿಯ ಹೆಡ್ ಮಿಸ್ ಮನೆಗೆ ಬಂದಳು. ರಾಯಬಾಗದಲ್ಲಿ ನನ್ನ ಕೈಯಲ್ಲಿ ಕಲಿತವಳು, ಆಮೇಲೆ ನನ್ನ ಕೈ ಕೆಳಗೇ ಟೀಚರ್ ಆದವಳು. ಈಗ ಐದೂ ಸಾಲಿಯ ಪಠ್ಯದ ಉಸ್ತುವಾರಿ ಅವಳದು. ನನಗೆ ಮಕ್ಕಳಿಲ್ಲ. ಅದನ್ನು ನಾನು ಯಾವತ್ತೂ ದೊಡ್ಡದು ಮಾಡಿಕೊಂಡವಳಲ್ಲ. ಆದರೆ ಈ ಹುಡುಗಿ ಬಂದಳೆಂದರೆ ಒಳ್ಳೆಯ ಕಪ್ಪು ಸಾಸರುಗಳನ್ನು ಕೆಳಗಿಳಿಸುತ್ತಿದ್ದೆ.

ಅವಳ ಕೈಯಲ್ಲಿ ಟ್ಯಾಬ್ ಇತ್ತು. “ಮಿಸ್, ಮ್ಯಾಲಿನವರು ಹೇಳ್ಯಾರ, ಈ ವರ್ಷದಿಂದ ಸಿಲಬಸ್ ಪ್ಲ್ಯಾನು, ವರ್ಕ್‌ಶೀಟು ಎಲ್ಲಾ ಎಐ ಕಡಿಂದ ಮಾಡಸ್ರಿ ಅಂತ. ಕೇಳಿದ ಎರಡು ಮಿನಿಟಿಗೆ ಇಡೀ ವರ್ಷದ್ದು ಬರದು ಕೊಟ್ತು. ಓದ್ರಿ.”

ಓದಿದೆ. ಭಾಷೆ ನೀಟಾಗಿತ್ತು, ಒಂದು ಕಾಗುಣಿತದ ತಪ್ಪಿಲ್ಲ. ಮೆಟ್ರೋದಲ್ಲಿ ಎಷ್ಟು ಜನ ಇಳಿದರು, ಸ್ಟ್ರಾಬೆರಿ ಬುಟ್ಟಿಯಲ್ಲಿ ಎಷ್ಟು ಹಣ್ಣು, ಹಿಮದ ಬೊಂಬೆಗೆ ಎಷ್ಟು ಗುಂಡಿ.

“ಶಾಣ್ಯಾ ಐತಿ,” ಎಂದೆ. “ಆದ್ರ ಹೊಸಾ ಅಳಿಯ ಇದ್ದಂಗ ಐತಿ. ಮಾತು ಚಂದ, ಮನ್ಯಾಗ ಉಪ್ಪಿನ ಡಬ್ಬಿ ಎಲ್ಲೈತಿ ಅನ್ನೂದು ಗೊತ್ತಿಲ್ಲ.”

ಅವಳು ನಗುತ್ತ ನಗುತ್ತ ಟೀ ಚೆಲ್ಲಿಕೊಂಡಳು. “ಅದಕ್ಕs ಬಂದೇನ್ರಿ ಮಿಸ್. ಉಪ್ಪಿನ ಡಬ್ಬಿ ನಿಮ್ಮ ಕಪಾಟಿನ್ಯಾಗ ಐತಿ. ಆ ಒಂಬತ್ತು ವಹಿ ನನಗ ಓದಾಕ ಕೊಡ್ರಿ. ಬರೇ ಓದಾಕ. ಓದಿ ತಲ್ಯಾಗ ಇಟಗೊಂಡು, ಅದಕ್ಕ ನಾ ಹೇಳ್ತೀನಿ, ನಮ್ಮ ಹುಡುಗೂರು ಎಂಥಾವು, ಅವರಿಗೆ ಎಂಥಾ ಪ್ರಶ್ನೆ ಬೇಕು ಅಂತ.”

“ಅದು ಹೊರಗ ಹೋಗೂ ವಹಿ ಅಲ್ಲ. ಇಟ್ ಈಸ್ ಕಾನ್ಫಿಡೆನ್ಶಿಯಲ್. ಹುಡುಗೂರಿಗೆ ಮಾತು ಕೊಟ್ಟೇನಿ.”

“ನಾನೂ ನಿಮ್ಮ ಹುಡುಗೀನs ಅಲ್ಲೇನ್ರಿ?”

“ಯಾರಿಗೂ ತೋರಸಬಾರದು. ಝೆರಾಕ್ಸ್ ಸೈತ ಆಗಬಾರದು.”

“ಪ್ರಾಮಿಸ್, ಮಿಸ್.” ಸಣ್ಣ ಮಕ್ಕಳು ಆಣೆ ಮಾಡುವಾಗ ಹಿಡಿದುಕೊಳ್ಳುವಂತೆ ಗಂಟಲು ಹಿಡಿದುಕೊಂಡಳು. ಆಮೇಲೆ, ಕಪಾಟಿನ ಕಡೆ ನೋಡುತ್ತ, ಮೆಲ್ಲಗೆ ಹೇಳಿದಳು: “ಇಲ್ಲಾಂದ್ರ ಇವೆಲ್ಲಾ ಒಂದಿನ ರದ್ದಿಗೆ ಹೋಗ್ತಾವ್ರಿ ಮಿಸ್.”

ಆ ಮಾತಿಗೆ ನಾನು ಸೋತೆ. ಎಪ್ಪತ್ತಾರರ ಹೆಂಗಸಿಗೆ ಅದಕ್ಕಿಂತ ಜಾಣ ಮಾತನ್ನು ಯಾರೂ ಹೇಳಲಾರರು. ಒಂಬತ್ತು ವಹಿಗಳನ್ನು ಹಳೆಯ ದುಪಟ್ಟಾದಲ್ಲಿ ಕಟ್ಟಿ ನಾನೇ ಅವಳ ಸ್ಕೂಟಿಯ ಮುಂದೆ ಇಟ್ಟೆ.

ಎರಡು ತಿಂಗಳಿಗೆ ಚಿಕ್ಕೋಡಿ ಸಾಲಿಯ ಹಾಲಿನಲ್ಲಿ ಒಂದು ಕಾರ್ಯಕ್ರಮವಾಯಿತು. ಐದೂ ಕಡೆಯ ಟೀಚರುಗಳು ಬಂದಿದ್ದರು. ನನಗೆ ಮುಂದಿನ ಕುರ್ಚಿ, ಹೆಗಲಿಗೆ ಶಾಲು. ಪರದೆಯ ಮೇಲೆ ಹೊಸ ವರ್ಕ್‌ಶೀಟುಗಳು ಒಂದೊಂದಾಗಿ ಬಂದವು. ಮೊದಲನೆಯದು ಬಂದಾಗ ನಾನು ಕನ್ನಡಕ ಸರಿಮಾಡಿಕೊಂಡು ಓದಿದೆ. “ನಾವು ತಿನ್ನುವ ಮೂರು ಬೇರುಗಳನ್ನು ಹೆಸರಿಸಿ. ಒಂದು ಮಗು ‘ನಾವು ಬೇರು ತಿನ್ನುವುದಿಲ್ಲ’ ಎಂದು ಬರೆದಿದೆ. ಈ ಉತ್ತರವೂ ಸರಿಯಾಗಬಹುದೇ? ಚರ್ಚಿಸಿ.”

ಹಾಲಿನಲ್ಲಿ ಗದ್ದಲವೆದ್ದಿತು. ಹಾರೂಗೇರಿಯಿಂದ ಬಂದ ಒಬ್ಬಳು ಎದ್ದು, “ಸರಿ ಐತ್ರಿ, ನಮ್ಮ ಕ್ಲಾಸಿನ್ಯಾಗ ಅರ್ಧಾ ಹುಡುಗೂರು ಹಿಂಗs ಬರೀತಾವ, ನಾವs ಸೊನ್ನಿ ಕೊಡ್ತೀವಿ” ಎಂದಳು. ಹಿಂದಿನ ಸಾಲಿನಿಂದ ಯಾರೋ, “ಹಂಗಾರ ಇನ್ನ ಮ್ಯಾಲ ತಪ್ಪು ಮಾಡಿದವರಿಗೂ ಶಾಲು ಹಾಕಬೇಕಾಗ್ತೈತಿ ನೋಡವಾ” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಕಣ್ಣಲ್ಲಿ ನೀರಿತ್ತು. ಅಷ್ಟು ವರ್ಷದ ಹಿಂದಿನ ನನ್ನ ಸೊನ್ನೆಯನ್ನು ಯಾರೋ ಗೋಡೆಯ ತುಂಬ ದೊಡ್ಡದಾಗಿ ಅಳಿಸಿದಂತೆ ಅನ್ನಿಸಿತು. ಗಾಡ್ ಫರ್ಗಿವ್ ಮಿ, ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೆ.

ಮುಂದಿನದು ಕಂದು ಎಲೆ. ಅದರ ಕೆಳಗೆ ಟೀಚರುಗಳಿಗೊಂದು ಸೂಚನೆ: “ತಂಬಾಕಿನ ಊರಿನಲ್ಲಿ ಎಲೆ ಹಸಿರಾಗಿರುವುದು ಸ್ವಲ್ಪ ದಿನ, ಕಂದಾಗಿರುವುದು ವರ್ಷವೆಲ್ಲ; ಮಗು ಹೆಚ್ಚು ದಿನ ನೋಡಿದ್ದನ್ನು ಬರೆದಿದೆ.” ಇದು ನನ್ನ ವಾಕ್ಯ. ನಡುವಿನ ಅರ್ಧವಿರಾಮವೂ ನನ್ನದೇ. ಓದಿ ತಲೆಯಲ್ಲಿ ಇಟ್ಟುಕೊಂಡವರು ಅರ್ಧವಿರಾಮವನ್ನು ಹೊತ್ತುಕೊಂಡು ಬರುವುದಿಲ್ಲ.

ಆಮೇಲೆ ಸ್ಟಾಫ್ ರೂಮಿನಲ್ಲಿ ಅವಳನ್ನು ಬದಿಗೆ ಕರೆದು ಕೇಳಿದೆ. “ವಹೀನs ಅದಕ್ಕ ಕೊಟ್ಟಿಯೇನು?”

“ಏನರೆ ಒಂದಿಷ್ಟು, ರೆಫರೆನ್ಸಿಗೆ. ಝೆರಾಕ್ಸ್ ಮಾಡಿಲ್ರಿ ಮಿಸ್. ಫೋಟೋ ಹೊಡದೆ.” ತಟ್ಟೆಯನ್ನು ನನ್ನ ಕೈಗಿಟ್ಟಳು. “ಉಪ್ಪಿಟ್ಟು ತಿನ್ರಿ, ಬಿಸಿ ಐತಿ. ನೋಡಿದ್ರಲ್ಲ, ಎಷ್ಟು ಖುಷಿ ಆಗ್ಯಾರ ಎಲ್ಲಾರೂ!”

ಆಗ ನಾನು ಎಲ್ಲ ಪುಟಗಳನ್ನು ಒಂದೊಂದಾಗಿ ಕೇಳಬೇಕಿತ್ತು. ಯಾವುದನ್ನು ಕೊಟ್ಟೆ, ಯಾವುದನ್ನು ಬಿಟ್ಟೆ ಎಂದು ಹಟ ಹಿಡಿದು ಕೇಳಬೇಕಿತ್ತು. ಶಾಲು ಹೊದ್ದುಕೊಂಡು, ಉಪ್ಪಿಟ್ಟು ತಿಂದು, ಸಾಲಿಯ ಕಾರಿನಲ್ಲಿ ಮನೆಗೆ ಬಂದೆ.

*

ಹದಿನೈದು ದಿನದ ಮೇಲೆ, ಮುಂಜಾನೆ ಹತ್ತರ ಸುಮಾರಿಗೆ, ಒಬ್ಬ ಹೆಂಗಸು ನಮ್ಮ ಮನೆ ಹುಡುಕಿಕೊಂಡು ಬಂದಳು. ಅರವತ್ತರ ಆಚೆ ಈಚೆ. ತಲೆಯ ಮೇಲೆ ಸೆರಗು, ಕಾಲಿಗೆ ಧೂಳು. ಮಂಗಸೂಳಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು.

“ಬಾಯಾರ, ಗುರ್ತ ಹತ್ತಲಿಲ್ಲೇನ್ರಿ?”

ಹತ್ತಲಿಲ್ಲ. ಕೂಡಲು ಹೇಳಿದೆ, ಕೂಡಲಿಲ್ಲ. ಕೈಚೀಲದಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದು ನನ್ನ ಮುಂದೆ ಹಿಡಿದಳು.

ಬಣ್ಣದ ಚಿತ್ರವಿದ್ದ ಹಾಳೆ. ನಗುತ್ತಿರುವ ಒಬ್ಬ ಅಜ್ಜಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ, ಗೋಡೆಯ ಮೇಲೊಂದು ಗಿಳಿ. ಮೇಲೆ ದಪ್ಪ ಅಕ್ಷರದಲ್ಲಿ “ಜಾಣ ಅಜ್ಜಿಯ ಲೆಕ್ಕ” ಎಂದಿತ್ತು. ಕೆಳಗೆ: “ಹೊಳೆಯ ದಂಡೆಯ ಒಂದು ಮನೆಯಲ್ಲಿ ಆರು ಜನ. ತಾಯಿ ಮನೆ ಬಿಟ್ಟು ಹೊಳೆಯಾಚೆ ಹೋಗಿದ್ದಾಳೆ. ಪಕ್ಕದ ಮನೆಯವರು ರೊಟ್ಟಿ ಬಡಿಯುವ ಸದ್ದನ್ನು ಎಣಿಸುತ್ತಾರೆ. ಒಬ್ಬರಿಗೆ ಎರಡು ರೊಟ್ಟಿಯಾದರೆ, ಊರಿಗೆ ಗೊತ್ತಾಗದಂತೆ ಅಜ್ಜಿ ಎಷ್ಟು ರೊಟ್ಟಿ ಬಡಿಯಬೇಕು? ಆಕಳಿಗೆ ಎಷ್ಟು ರೊಟ್ಟಿ ಸಿಗುತ್ತದೆ?” ಎಲ್ಲಕ್ಕಿಂತ ಕೆಳಗೆ, ಒಂದು ಬಲ್ಬಿನ ಚಿತ್ರದ ಪಕ್ಕ: “ಯೋಚಿಸಿ, ಚರ್ಚಿಸಿ. ತಾಯಿ ಯಾಕೆ ಹೋಗಿರಬಹುದು?”

ಈಗ ಅವಳ ಮುಖ ನೋಡಿದೆ. ಐವತ್ತು ವರ್ಷದ ಕೆಳಗೆ ಆ ಒಂಬತ್ತರ ಮುಖ ಇತ್ತು, ಹುಬ್ಬಿನ ಹತ್ತಿರ.

“ಮೊಮ್ಮಗಳು ನಿಮ್ಮ ಕಾಗವಾಡದ ಸಾಲಿಗೆ ಹೊಕ್ಕಾಳ್ರಿ,” ಎಂದಳು. ದನಿ ಏರಿಸಲಿಲ್ಲ. “ಮನಿಗೆ ಬಂದಾಕಿನs, ಅಜ್ಜಿ, ಇವತ್ತ ಭಾಳ ಮಜಾ ಬಂತು ಅಂದ್ಲು. ಎಲ್ಲಾರೂ ಕೈ ಎತ್ತಿ ಹೇಳಿದ್ರಂತ. ಒಬ್ಬಾಕಿ, ತಾಯಿ ಆಲಸಿ ಇರಬೇಕು ಅಂದ್ಲಂತ. ಇನ್ನೊಬ್ಬಾಂವ, ಓಡಿ ಹೋಗಿರಬೇಕು ಅಂದ್ನಂತ. ನಮ್ಮಾಕಿನೂ ಕೈ ಎತ್ತಿದ್ಲಂತ್ರಿ.”

“ಏನಂದ್ಲು?”

“ಅದನ್ಯಾಕ ಕೇಳ್ತೀರಿ? ಅದನ್ನೂ ಬರಕೋತೀರೇನು?”

ಅವಳು ಹೇಳುತ್ತ ಹೋದಳು. ಅವಳಿಗೊಬ್ಬ ತಮ್ಮ. ಅವ್ವ ಹೋದಾಗ ಅವನಿಗೆ ಎರಡು ವರ್ಷ. ಹೊಳೆಯಾಚೆ ಜ್ವರ ಬಂದು ತೀರಿಕೊಂಡಳು ಎಂದು ಮನೆಯವರು ಅವನಿಗೆ ಹೇಳಿದ್ದರು. ಅವನು ದೊಡ್ಡವನಾದ ಮೇಲೂ ಯಾರೂ ಅದನ್ನು ತಿದ್ದಲಿಲ್ಲ. ಪ್ರತಿ ವರ್ಷ ಅವ್ವನ ಹೆಸರಿನಲ್ಲಿ ಅವನು ಎಡೆ ಇಡುತ್ತಾನೆ. ಅವನ ಮನೆಗೂ ಅದೇ ಹಾಳೆ ಬಂದಿದೆ, ಮೊಮ್ಮಗನ ವಹಿಯೊಳಗೆ. ಅಜ್ಜಿ ಆಮೇಲೂ ಎಷ್ಟೋ ವರ್ಷ ದಿನಾ ಎರಡು ಬಿಸಿ ರೊಟ್ಟಿಯನ್ನು ಆಕಳಿಗೆ ಹಾಕುತ್ತಿದ್ದದ್ದು ಅವನಿಗೂ ನೆನಪಿತ್ತು. ಯಾಕೆಂದು ಮಾತ್ರ ಗೊತ್ತಿರಲಿಲ್ಲ.

“ಫೋನ್ ಮಾಡ್ದಾ. ಅಕ್ಕಾ, ಇದು ನಮ್ಮ ಮನೀದೇನು ಅಂತ ಕೇಳ್ದಾ. ಅವ್ವ ಸತ್ತಿದ್ಲೋ, ಹೋಗಿದ್ಲೋ ಅಂದಾ. ಏನ್ ಹೇಳ್ಲಿ ಬಾಯಾರ? ಐವತ್ತು ವರ್ಷ ಗಂಡಗ ಸೈತ ಹೇಳಿದ್ದಿಲ್ಲ ನಾ. ಭೂಮಿ ಮ್ಯಾಲ ಹೇಳಿದ್ದು ಒಬ್ಬರ ಮುಂದ. ನಿಮ್ಮ ಮುಂದ.”

“ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ ತಂಗಿ. ನನ್ನ ಕೈಯಾಗ ಕಲತಾಕಿ ಒಬ್ಬಾಕಿಗೆ ಓದಾಕ ಕೊಟ್ಟಿದ್ದೆ. ಒಬ್ಬಾಕಿಗೆ ಅಷ್ಟs.”

“ಟೇಬಲ್ ದಾಟೂದಿಲ್ಲ ಅಂದಿದ್ರಿ.”

“ಹೌದು.”

“ಎರಡು ಸಲ ಅಂದಿದ್ರಿ.”

ಹಾಳೆಯನ್ನು ಮೊದಲಿದ್ದಂತೆ ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು. ನೀರು ಕೂಡ ಕುಡಿಯಲಿಲ್ಲ. ಗೇಟಿನ ಹತ್ತಿರ ನಿಂತು, “ನಮ್ಮ ಅಜ್ಜಿ ಊರನ್ನs ಗೆದ್ದಿದ್ಲ್ರಿ” ಎಂದಳು. ಇನ್ನೇನನ್ನೂ ಹೇಳದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

*

ಅದೇ ದಿನ ಮಧ್ಯಾಹ್ನ ಆಟೋ ಹಿಡಿದು ಸಾಲಿಗೆ ಹೋದೆ. ಹೆಡ್ ಮಿಸ್ ಎರಡು ಕ್ಲಾಸಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು ಪಾಠ ಮಾಡುತ್ತಿದ್ದಳು. ನನ್ನನ್ನು ಕಂಡು ಖುಷಿಯಿಂದಲೇ ಎದ್ದು ಬಂದಳು. ಅವಳ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಎಲ್ಲ ಹೇಳಿದೆ. ಅವಳ ಮುಖ ಸಣ್ಣಗಾಯಿತು. ಆದರೆ ಮೊದಲು ಬಂದ ಮಾತು ಇದು: “ಹೆಸರಿಲ್ಲಲ್ರಿ ಮಿಸ್ ಅದರಾಗ.”

“ಹೆಸರು ಯಾಕ ಬೇಕು? ಹೊಳಿ ಐತಿ, ಗ್ವಾಡಿ ಐತಿ, ಆಕಳ ಐತಿ. ಆರು ಮಂದಿ ಅದಾರ. ಅವರಿಗೆ ಅವರ ಮನಿ ಗುರ್ತ ಹತ್ತೂದಿಲ್ಲೇನು?”

“ನಾ ಆ ಪಾನ ಓದೇ ಇಲ್ರಿ.”

ಆ ಪುಟವನ್ನೇ ಓದಿಲ್ಲ ಎನ್ನುವುದು ನನಗೆ ಹೊಸದು. “ಓದಿಲ್ಲ?”

“ಒಂಬತ್ತು ವಹಿ, ಮಿಸ್. ಯಾವಾಗ ಓದ್ಲಿ? ಎರಡು ದಿನ ಕುಂತು ಎಲ್ಲಾದರ ಫೋಟೋ ಹೊಡದು ಹಾಕಿದೆ. ಸ್ಥಳೀಯ ಸಂದರ್ಭ ಇಟಗೊಂಡು ಪ್ರಶ್ನೆ ಮಾಡು ಅಂದೆ. ಅದು ಮಾಡ್ತು. ಚಂದ ಮಾಡ್ತು. ಚಂದ ಮಾಡಿಲ್ಲ ಅಂತ ನೀವs ಹೇಳ್ರಿ?”

ಚಂದವೇ ಮಾಡಿತ್ತು. ಅದನ್ನು ಸುಳ್ಳು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಮ್ಮ ಐದು ತಾಲೂಕಿನ ಮಕ್ಕಳಿಗೆ ಅವರದೇ ಹೊಳೆ, ಅವರದೇ ಎಲೆ, ಅವರದೇ ರೊಟ್ಟಿ ಪುಸ್ತಕದೊಳಗೆ ಬಂದದ್ದು ಇದೇ ಮೊದಲ ಸಲ. ಅದು ನನ್ನ ಜೀವಮಾನದ ಆಸೆ. ಆ ಆಸೆ ಈಡೇರಿದ ರೀತಿಯನ್ನು ನೋಡಿಕೊಂಡು ಕೂತಿದ್ದೆ.

“ಓದಾಕ ಅಂತ ಇಸಗೊಂಡಿ,” ಎಂದೆ. “ಗಂಟಲ ಹಿಡಕೊಂಡು ಪ್ರಾಮಿಸ್ ಮಾಡಿದಿ. ನೀ ಓದಿದ್ರ ಆ ಪಾನ ಅದಕ್ಕ ಕೊಡ್ತಿದ್ದಿಲ್ಲ. ನನಗ ಗೊತ್ತೈತಿ, ಕೊಡ್ತಿದ್ದಿಲ್ಲ ನೀ.”

ಅವಳು ಟ್ಯಾಬ್ ಎಳೆದುಕೊಂಡಳು. “ಈಗ ಬದಲ ಮಾಡ್ತೀನಿ ನೋಡ್ರಿ.” ಏನೋ ಟೈಪ್ ಮಾಡಿದಳು. ನಾನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಬಂದೇಬಿಟ್ಟಿತು. ಆರು ಜನ ಎಂಟಾಗಿದ್ದರು, ಹೊಳೆ ಬೆಟ್ಟವಾಗಿತ್ತು, ರೊಟ್ಟಿ ಚಪಾತಿಯಾಗಿತ್ತು, ಆಕಳು ಕರುವಾಗಿತ್ತು. ಅಜ್ಜಿ ಈಗಲೂ ನಗುತ್ತಿದ್ದಳು. “ಇದನ್ನ ಗ್ರೂಪಿಗೆ ಹಾಕ್ತೀನಿ. ಹಳೇದು ಡಿಲೀಟ್.” ನನ್ನ ಎದುರಿಗೇ ಬೆರಳಿನಿಂದ ಒತ್ತಿ ತೋರಿಸಿದಳು. “ಆತಲ್ರಿ?”

“ಐದು ತಾಲೂಕಿನ ಹುಡುಗೂರ ಚೀಲದಾಗ ಇರೂ ಹಾಳಿ? ಅದಕ್ಕ ಯಾವ ಬಟನ್ ಒತ್ತತಿ?”

ಅವಳು ಟ್ಯಾಬ್ ಬದಿಗಿಟ್ಟಳು. ಹೊರಗೆ ಆ ಎರಡು ಕ್ಲಾಸಿನ ಗದ್ದಲ ಏರುತ್ತಿತ್ತು. ಆಮೇಲೆ, ನನ್ನ ಕಣ್ಣು ನೋಡದೆ ಹೇಳಿದಳು: “ಮಿಸ್, ನೀವು ವಾರಕ್ಕ ಒಂದು ಹುಡುಗನ್ನ ಕೂಡ್ಸಿಕೊಂಡು ಕೇಳ್ತಿದ್ರಿ. ನನಗ ಟೀಚರ್ ಇಲ್ಲ, ಟೈಮ್ ಇಲ್ಲ, ಐದು ಸಾಲಿ ತಲಿ ಮ್ಯಾಲ ಅದಾವ. ತಪ್ಪಾಗೈತಿ, ಸಾರಿ. ಆದ್ರ ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆಕಿ ನಿಮ್ಮ ಮುಂದ ಹೇಳಿದ್ಲು, ಖರೆ. ಬರಕೊಳ್ಳಲೇನು ಅಂತ ನೀವು ಆಕಿನ್ನ ಕೇಳಿದ್ರೇನ್ರಿ?”

ಕೇಳಿರಲಿಲ್ಲ. ಒಂದು ಮಗುವನ್ನೂ ಕೇಳಿರಲಿಲ್ಲ. ಎದುರಿಗೇ ಬರೆಯುತ್ತಿದ್ದೆ, ಅದು ಸಾಕು ಎಂದುಕೊಂಡಿದ್ದೆ. ಟೀಚರ್ ಪೆನ್ನು ತೆಗೆದರೆ ಬೇಡ ಎನ್ನುವ ಮಗು ಯಾವ ಊರಿನಲ್ಲಿದೆ?

ವಹಿಗಳನ್ನು ವಾಪಸ್ ಕೊಟ್ಟಳು. ದುಪಟ್ಟಾ ಎಲ್ಲಿಯೋ ಹೋಗಿತ್ತು. ಸಂಸ್ಥೆಯ ಹೆಸರಿದ್ದ ಹೊಸ ಚೀಲದಲ್ಲಿ ಹಾಕಿದ್ದಳು. ಗೇಟಿನವರೆಗೂ ಬಂದು ಆಟೋ ಹತ್ತಿಸಿದಳು. ಸೆರಗು ಗಾಲಿಗೆ ಸಿಕ್ಕೀತೆಂದು ಎತ್ತಿಕೊಟ್ಟಳು. ಅವಳ ಆ ಕಾಳಜಿ ನಾಟಕವಲ್ಲ, ನನಗೆ ಗೊತ್ತು. ಗೊತ್ತಿದ್ದರಿಂದಲೇ ಹೆಚ್ಚು ನೋಯಿತು. ಆ ಯಂತ್ರದ ಮೇಲೆ ನನಗೆ ಸಿಟ್ಟೇ ಬರಲಿಲ್ಲ. ಅದಕ್ಕೆ ನಾನು ಯಾರೋ, ಆ ಹುಡುಗಿ ಯಾರೋ. ಹಾಕಿದ್ದನ್ನು ಬೀಸಿ ಕೊಟ್ಟಿತು. ಇವಳಿಗೆ ನಾನು ಅಕ್ಷರ ಕಲಿಸಿದ್ದೆ. ಓದುತ್ತೇನೆ ಎಂದು ಒಯ್ದು ಓದಲೇ ಇಲ್ಲ ಎನ್ನುವುದು ನನ್ನ ಗಂಟಲಲ್ಲಿ ಇನ್ನೂ ಇಳಿದಿಲ್ಲ. ಆಮೇಲೆ ಅವಳು ಎರಡು ಸಲ ಫೋನ್ ಮಾಡಿದಳು. ನಾನು ಎತ್ತಲಿಲ್ಲ. ಒಳ್ಳೆಯ ಕಪ್ಪುಗಳನ್ನು ಕಪಾಟಿನ ಮೇಲಿನ ಅರೆಗೆ ಇಟ್ಟಿದ್ದೇನೆ.

*

ವಾರ ಬಿಟ್ಟು ಮೊದಲನೇ ವಹಿಯನ್ನು ಪರ್ಸಿನಲ್ಲಿಟ್ಟುಕೊಂಡು ಮಂಗಸೂಳಿಗೆ ಹೋದೆ. ಮಲ್ಲಯ್ಯನ ಗುಡಿಗೆ ಹೊರಟವರು ಬಸ್ಸಿನ ತುಂಬ ಇದ್ದರು. ನನ್ನನ್ನೂ ಹಾಗೇ ಎಂದುಕೊಂಡು ಒಬ್ಬಳು ಸೀಟು ಕೊಟ್ಟಳು. ನನ್ನ ಹನ್ನೆರಡು ರೊಟ್ಟಿಯ ಹುಡುಗಿಯ ಮನೆ ದ್ರಾಕ್ಷಿ ತೋಟದ ಬದಿಗೆ. ಅಂಗಳದಲ್ಲಿ ಕ್ರೇಟುಗಳ ನಡುವೆ ಕೂತು ಏನೋ ಆರಿಸುತ್ತಿದ್ದಳು. ನನ್ನನ್ನು ನೋಡಿ ಎದ್ದಳು, ಆದರೆ ‘ಬರ್ರಿ’ ಎನ್ನುವುದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡಳು.

“ನಿನ್ನ ಪಾನ ತಂದೇನಿ,” ಎಂದೆ. “ಇದು ನಿಂದು. ನಾ ಕೇಳದs ಬರಕೊಂಡಿದ್ದೆ.”

ಕೈಯನ್ನು ಸೆರಗಿಗೆ ಒರೆಸಿಕೊಂಡು ವಹಿ ತೆಗೆದುಕೊಂಡಳು. ಮೆಟ್ಟಿಲ ಮೇಲೆ ಕೂತು, ಬೆರಳಿಟ್ಟು, ಒಂದೊಂದೇ ಸಾಲು ಓದಿದಳು. ನನ್ನ ಇಪ್ಪತ್ತಾರರ ಕೈಬರಹ, ಕಾನ್ವೆಂಟಿನ ಓರೆ ಅಕ್ಷರ. ಪುಟದ ಕೊನೆಗೆ ನಾನೊಂದು ಷರಾ ಬರೆದಿದ್ದೆ, ಅಜ್ಜಿಯ ಬಗ್ಗೆ, ಆ ಎರಡು ರೊಟ್ಟಿಯ ಬಗ್ಗೆ. ಆಗ ಬಹಳ ತಿಳಿವಳಿಕೆಯ ಮಾತು ಎಂದುಕೊಂಡಿದ್ದೆ. ಅವಳ ಬೆರಳು ಅಲ್ಲಿ ನಿಂತಿತು.

“ಇಲ್ಲಿ ತಪ್ಪೈತ್ರಿ ಬಾಯಾರ.”

“ಏನು?”

“ಆ ಎರಡು ಭಕ್ರಿ ಬರೇ ಊರಿಗೆ ಹೆದರಿ ಬಡಿತಿದ್ದಲ್ರಿ.” ಆಮೇಲೆ ಹೇಳಿದಳು, ಯಾರು ಬಡಿಯುತ್ತಿದ್ದರು, ಯಾಕೆ, ಆಕಳಿಗೆ ಹೋಗದ ದಿನಗಳಲ್ಲಿ ಅವು ಎಲ್ಲಿಗೆ ಹೋಗುತ್ತಿದ್ದವು. ಒಂಬತ್ತು ವರ್ಷದವಳಾಗಿ ನನಗೆ ಹೇಳದೆ ಉಳಿಸಿಕೊಂಡದ್ದನ್ನು ಈಗ ಹೇಳಿದಳು. ಕೇಳುತ್ತ ಕೇಳುತ್ತ ನನ್ನ ಕೈ ತಾನಾಗಿಯೇ ಪರ್ಸಿನೊಳಗೆ ಪೆನ್ನಿಗೆ ತಡಕಾಡಿತು. ಅವಳು ಮಾತು ನಿಲ್ಲಿಸಿ ನನ್ನ ಕೈ ನೋಡಿದಳು. ನಾನು ಪರ್ಸಿನ ಜಿಪ್ ಎಳೆದೆ.

ಅವಳು ಹೇಳಿದ್ದು ಇಲ್ಲಿ ಇಲ್ಲ. ಎಲ್ಲಿಯೂ ಇರುವುದಿಲ್ಲ. ಮಿಕ್ಕಿದ್ದನ್ನು ಬರೆಯಲೇ ಎಂದು ಈ ಸಲ ಕೇಳಿದೆ. ಅವಳು ವಹಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

“ಹಾಳಿ ಐದು ತಾಲೂಕಿನ್ಯಾಗ ತಿರಗಾಡೈತಿ. ತಮ್ಮಗೂ ಗೊತ್ತಾಗೈತಿ. ಅಷ್ಟು ಬರೀರಿ, ನಾ ಒಲ್ಲೆ ಅನ್ನೂದಿಲ್ಲ. ಇವತ್ತ ಹೇಳಿದ್ದು ಬ್ಯಾಡ.” ಪುಟವನ್ನು ಹೊಲಿಗೆಯ ಹತ್ತಿರ ಜೋಪಾನವಾಗಿ ಹರಿದುಕೊಂಡು, ವಹಿಯನ್ನು ನನಗೆ ಮರಳಿಸಿದಳು. “ಉಳದವರ ಪಾನ?”

“ಒಬ್ಬೊಬ್ಬರನ್ನ ಹುಡಕತೀನಿ. ಹೆಸರು ಬರದಿಲ್ಲ. ಮುಖ ನೆನಪದಾವ. ಮೊದಲ ಜುಗೂಳಕ್ಕ ಹೋಗಬೇಕು.”

“ಎಷ್ಟು ಮಂದಿ ಸಿಗ್ತಾರ್ರಿ, ಈ ವಯಸ್ಸಿನ್ಯಾಗ?”

ನಾನು ವಹಿಯನ್ನು ಪರ್ಸಿಗೆ ಹಾಕಿಕೊಂಡೆ. ಅವಳು ಒಳಗೆ ಹೋಗಿ ಚಹಾ ತಂದಳು. ನಮ್ಮ ಮನೆಯಲ್ಲಿ ನೀರೂ ಕುಡಿಯದವಳು ಈ ಸಲ ತನಗೂ ಒಂದು ಕಪ್ಪು ತಂದಿದ್ದಳು. ಕೇಳಬಾರದಿತ್ತೋ ಏನೋ, ಆದರೂ ಕೇಳಿದೆ: “ನನ್ನ ಮ್ಯಾಲ ಸಿಟ್ಟೈತೇನು?”

“ಐತ್ರಿ,” ಎಂದಳು. “ಚಾ ಆರಾಕತ್ತೈತಿ, ಕುಡೀರಿ.”